ಮೂರನೇ ಮಹಡಿಯ ಸಮುದ್ರ

ನಾಗಪುರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಬೇಕಾದರೆ ರೈಲಿನಲ್ಲಿ ಒಂದು ರಾತ್ರಿ ಮಲಗಿ ಏಳಬೇಕು. ಅಂಥ ಊರಿನಲ್ಲಿ, ಮೂರನೇ ಮಹಡಿಯ ಹಾಲ್‌ನಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು ಹವಳ ಬೆಳೆಸುತ್ತೇನೆ ಅಂತ ಕೂತವನಿಗೆ ಒಂದಲ್ಲ ಒಂದು ಪ್ರಸಂಗ ಆಗದೆ ಇರುವುದಿಲ್ಲ. ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ. ಎಲ್ಲ ತಾವೇ ಮೆಟ್ಟಿಲು ಹತ್ತಿ ಬಂದವು.

ನನ್ನದು ರೈಲ್ವೆ ಸಿಗ್ನಲ್ ವಿಭಾಗದ ಕೆಲಸ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಒಂಬತ್ತು ವರ್ಷ. ಮನೆಯಲ್ಲಿ ಹೆಂಡತಿ, ಐದನೇ ಕ್ಲಾಸಿನ ಮಗಳು. ಎದುರು ಬಾಗಿಲಿನಲ್ಲಿ ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾದ ಮರಾಠಿ ಹಿರಿಯರು, ನಮ್ಮೆಲ್ಲರಿಗೂ ಕಾಕಾ. ಅವರ ಮನೆಯವರು ಕಾಕೂ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಮೆಟ್ಟಿಲಲ್ಲಿ ಸಿಕ್ಕಿಕೊಂಡಾಗ ಕೈಹಚ್ಚಿದವರು ಕಾಕಾ. ಅಂದಿನಿಂದ ಅದರಲ್ಲಿ ಅವರಿಗೂ ಅರ್ಧ ಹಕ್ಕು ಅಂತ ಅವರ ಲೆಕ್ಕ.

ನೀಲಿ ಮೀನು

ಸಮುದ್ರದ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡುವ ಹಾಗಿಲ್ಲ. ಶುದ್ಧ ನೀರಿಗೆ ಅದಕ್ಕೆಂದೇ ಮಾರುವ ಉಪ್ಪು ಕಲಸಬೇಕು, ಕಲ್ಲು ಜೋಡಿಸಬೇಕು, ಪಂಪು ಹಚ್ಚಬೇಕು. ಆಮೇಲೆ ಕಣ್ಣಿಗೆ ಕಾಣದ ಜೀವಾಣುಗಳು ಆ ಕಲ್ಲಿನಲ್ಲಿ ಮನೆ ಮಾಡುವ ತನಕ ಒಂದು ತಿಂಗಳಾದರೂ ಸುಮ್ಮನೆ ಕಾಯಬೇಕು. ಕಾಕಾ ದಿನಾ ಬೆಳಿಗ್ಗೆ ಪೇಪರ್ ಹಿಡಿದು ಬಂದು ತೊಟ್ಟಿಯೊಳಗೆ ಇಣುಕಿ, "ಆಜ್?" ಅನ್ನುವರು. ನಾನು "ಇವತ್ತೂ ಇಲ್ಲ ಕಾಕಾ" ಅನ್ನುವೆ. ಹದಿನೈದು ದಿನಕ್ಕೆ ಬಿಲ್ಡಿಂಗ್ ತುಂಬ ಸುದ್ದಿಯಾಯಿತು: ಮೂರನೇ ಮಹಡಿಯ ಕಾನಡಿ ಸಾಹೇಬರು ಕಲ್ಲು ಸಾಕಿದ್ದಾರೆ.

ಆಗಲೇ ಒಂದು ಭಾನುವಾರ ನಮ್ಮ ಮೇಲಧಿಕಾರಿ ಹೆಂಡತಿಯ ಜೊತೆ ಚಹಾಕ್ಕೆ ಬಂದರು. ನಾನು ಒಳಗೆ ಹೋಗಿ ಬಿಸ್ಕೀಟಿನ ತಟ್ಟೆ ತರುವಷ್ಟರಲ್ಲಿ ಸಾಹೇಬರು ಕೈ ಹಿಂದೆ ಕಟ್ಟಿ, ಬಗ್ಗಿ, ತೊಟ್ಟಿ ನೋಡುತ್ತಿದ್ದರು.

"ಆ ನೀಲಿಯದು ಬಹಳ ಸುಂದರವಾಗಿದೆ," ಅಂದರು.

ತೊಟ್ಟಿಯಲ್ಲಿ ಆರು ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಆದರೆ ನನ್ನ ವಾರ್ಷಿಕ ವರದಿ ಬರೆಯುವವರು ಅವರೇ. "ಹೌದು ಸರ್. ಸ್ವಲ್ಪ ನಾಚಿಕೆ ಸ್ವಭಾವ," ಅಂದೆ.

"ನನಗೆ ಕಾಣಲಿಲ್ಲವಲ್ಲ," ಅಂದರು ಅವರ ಹೆಂಡತಿ.

"ಅಗೋ, ಕಲ್ಲಿನ ಹಿಂದೆ ಹೋಯಿತು ನೋಡು."

ಆಕೆ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಹಾಂ, ಕಂಡಿತು. ಜೊತೆಗೆ ಮರಿಯೂ ಇದೆ."

ಮುಂದಿನ ತಿಂಗಳು ಕೊನೆಗೂ ನಿಜವಾದ ಮೀನು ಬಂದವು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಜೋಡಿ. ಖುಷಿಯಲ್ಲಿ ಸಾಹೇಬರಿಗೆ ಫೋಟೋ ಕಳಿಸಿದೆ. ಉತ್ತರ ಬಂತು: "ಚೆನ್ನಾಗಿವೆ. ಆದರೆ ಆ ನೀಲಿಯದರ ಗತ್ತು ಇವಕ್ಕಿಲ್ಲ."

ರಜಾ ಚೀಟಿ

ಮೀನಿನ ಹಿಂದೆಯೇ ಒಂದು ಸೀಗಡಿ ಬಂತು. ಕೆಂಪು ಬೆನ್ನು, ನಡುವೆ ಒಂದು ಬಿಳಿ ಗೆರೆ, ಮೈಗಿಂತ ಉದ್ದದ ಬಿಳಿ ಮೀಸೆ. ಮೀನುಗಳ ಮೈಮೇಲೆ ಕೂತು ಕೊಳೆ ಆರಿಸಿ ತಿನ್ನುವುದು ಅದರ ಉದ್ಯೋಗ. ಮಗಳು ತೊಟ್ಟಿಯಲ್ಲಿ ಕೈಯಿಟ್ಟರೆ ಅವಳ ಉಗುರೂ ಸ್ವಚ್ಛ ಮಾಡುತ್ತಿತ್ತು. ಇಬ್ಬರಿಗೂ ಭಾರೀ ದೋಸ್ತಿ.

ಒಂದು ದಿನ ಬೆಳಿಗ್ಗೆ ಮಗಳು ಯೂನಿಫಾರ್ಮ್ ಹಾಕಿಕೊಂಡು ಬಂದವಳು ಚೀರಿದಳು. ಸೀಗಡಿ ಮರಳಿನ ಮೇಲೆ ಅಂಗಾತ ಬಿದ್ದಿತ್ತು. ತಲೆ, ಕಾಲು, ಮೀಸೆ ಎಲ್ಲ ಹಾಗೇ ಇವೆ, ಅಲುಗಾಟವಿಲ್ಲ. ಅಳು ನಿಲ್ಲುವ ಲಕ್ಷಣ ಕಾಣಲಿಲ್ಲ. ಬಲೆಯಲ್ಲಿ ಎತ್ತಿ, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸಿ, ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಮಣ್ಣು ಮಾಡಿದೆವು. ಕಾಕಾ ಟೊಪ್ಪಿಗೆ ತೆಗೆದು ಎರಡು ನಿಮಿಷ ನಿಂತರು. ಅಂಥ ಮುಖ ಹೊತ್ತ ಹುಡುಗಿಯನ್ನು ಶಾಲೆಗೆ ಕಳಿಸುವುದು ಹೇಗೆ ಅಂತ ನನ್ನ ಹೆಂಡತಿ ರಜಾ ಚೀಟಿ ಬರೆದಳು. ಸೀಗಡಿ ಅಂತ ಬರೆಯಲು ಕೈ ಬರಲಿಲ್ಲ. "ಮನೆಯಲ್ಲಿ ಒಂದು ಸಾವಾಗಿರುವ ಕಾರಣ" ಅಂತ ಬರೆದಳು.

ನಾನು ಅಂಗಡಿಯವನಿಗೆ ಫೋನ್ ಹಚ್ಚಿ ಜಗಳ ತೆಗೆದೆ. "ತಿಂಗಳು ತುಂಬುವ ಮೊದಲೇ ಸತ್ತಿದೆ. ಎಂಥ ಮಾಲು ಕೊಟ್ಟಿರಿ?"

ಅವನು ಶಾಂತವಾಗಿ ಕೇಳಿದ: "ಎತ್ತಿದಾಗ ಭಾರ ಇತ್ತಾ?"

"ಇಲ್ಲ. ಕಾಗದದ ಹಾಗಿತ್ತು."

"ಸಾಹೇಬ್, ಸೀಗಡಿ ಬೆಳೆದ ಹಾಗೆ ಮೇಲಿನ ಚಿಪ್ಪು ಕಳಚುತ್ತದೆ. ನೀವು ಮಣ್ಣು ಮಾಡಿದ್ದು ಅದರ ಅಂಗಿಯನ್ನು."

ಸಂಜೆ ಕಲ್ಲಿನ ಸಂದಿಯಿಂದ ಸೀಗಡಿ ಹೊರಗೆ ಬಂತು, ಮೊದಲಿಗಿಂತ ತುಸು ದಪ್ಪವಾಗಿ. ಮರುದಿನ ಶಾಲೆಯಲ್ಲಿ ಟೀಚರ್ ಮಗಳನ್ನು ಹತ್ತಿರ ಕರೆದು, ತಲೆ ಸವರಿ, "ಯಾರು ಪುಟ್ಟಾ, ಅಜ್ಜಿಯಾ?" ಅಂತ ಕೇಳಿದರಂತೆ. ಇವಳು ಇದ್ದದ್ದನ್ನೇ ಹೇಳಿದ್ದಾಳೆ: "ಯಾರೂ ಸತ್ತಿಲ್ಲ ಮಿಸ್. ಬಟ್ಟೆ ಬದಲಾಯಿಸಿದ್ದು."

ಕೊಂಕಣದ ರುಚಿ

ತೊಟ್ಟಿಯ ನೀರನ್ನು ವಾರ ವಾರ ಸ್ವಲ್ಪ ತೆಗೆದು ಹೊಸದು ಹಾಕಬೇಕು. ಅದಕ್ಕೆ ಮುಂಚಿನ ದಿನವೇ ಉಪ್ಪುನೀರು ಕಲಸಿ, ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ತುಂಬಿ ಬಾಗಿಲ ಹೊರಗೆ ಇಡುತ್ತಿದ್ದೆ. ಕುಡಿಯುವ ನೀರು ಬರುವುದೂ ಅಂಥದೇ ಕ್ಯಾನಿನಲ್ಲಿ. ಕ್ಯಾನಿನ ಮೇಲೆ ಏನೂ ಬರೆದಿರಲಿಲ್ಲ. ಆ ತಪ್ಪು ನನ್ನದೇ.

ಚೈತ್ರದಲ್ಲಿ ಕಾಕೂ ಮನೆಯಲ್ಲಿ ಅರಿಶಿನ-ಕುಂಕುಮ. ಆ ದಿನ ಬಂದ ಹೆಂಗಸರಿಗೆಲ್ಲ ಮಾವಿನಕಾಯಿ ಪನ್ಹೆ ಕೊಡುವುದು ಇಲ್ಲಿಯ ಪದ್ಧತಿ. ಬೇಯಿಸಿದ ಕಾಯಿ, ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿದ ತಂಪು ಪಾನಕ. ನೀರು ಕಡಿಮೆ ಬಿತ್ತು ಅಂತ ಕಾಕೂ ಬಂದು, "ವಹಿನಿ, ಒಂದು ಕ್ಯಾನ್ ಇದ್ದರೆ ಕೊಡಿ" ಅಂದರು. ನನ್ನ ಹೆಂಡತಿ ಒಲೆಯ ಮುಂದಿದ್ದವಳು ತಿರುಗದೆ, "ಬಾಗಿಲ ಹೊರಗೆ ಇದೆಯಲ್ಲ, ತೆಗೆದುಕೊಳ್ಳಿ" ಅಂತ ತನ್ನ ಮರಾಠಿಯಲ್ಲಿ ಅಂದಳು.

ನಾನು ಡ್ಯೂಟಿ ಮುಗಿಸಿ ಬಂದಾಗ ಕ್ಯಾನ್ ಇರಲಿಲ್ಲ. ಎದುರುಮನೆಯಲ್ಲಿ ನಲವತ್ತು ಹೆಂಗಸರು ಕೈಯಲ್ಲಿ ಲೋಟ ಹಿಡಿದು ಕೂತಿದ್ದರು. ನಾನು ಬಾಗಿಲಲ್ಲೇ ನಿಂತು ಹೆಂಡತಿಗೆ ಕಣ್ಣಿನಲ್ಲಿ ಸನ್ನೆ ಮಾಡಿದೆ. ಅವಳು ಹೊರಗೆ ಬಂದಳು. ವಿಷಯ ಹೇಳಿದೆ.

"ಅದಕ್ಕ ಏನ್ರಿ!" ಅಂದಳು. "ಎರಡು ಸಲ ಬೆಲ್ಲ ಹಾಕಿದ್ವಿ. ಕಾಕೂ, 'ನಾನೇ ಮರೆತು ಎರಡು ಸಲ ಉಪ್ಪು ಹಾಕೀನಿ' ಅಂತ ಬೇಜಾರ ಮಾಡ್ಕೊಂಡಾರ. ಈಗ ಏನು ಹೇಳೂದು?"

ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಹೆಂಗಸರು ಮರ್ಯಾದೆಗೆ ಅರ್ಧ ಲೋಟ ಕುಡಿದು ಅರ್ಧ ಕೆಳಗಿಡುತ್ತಿದ್ದರು. ಐದನೇ ಮಹಡಿಯ ಒಬ್ಬ ಅಜ್ಜಿ ಮಾತ್ರ ಲೋಟ ಖಾಲಿ ಮಾಡಿ, ಇನ್ನೊಂದು ಕೇಳಿ, ಅದನ್ನೂ ಮುಗಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನನ್ನ ತವರು ಕೊಂಕಣದ್ದು," ಅಂದರು. "ಮದುವೆಯಾಗಿ ಇಲ್ಲಿಗೆ ಬಂದು ಐವತ್ತು ವರ್ಷವಾಯಿತು. ನಮ್ಮೂರಿನ ನೀರಿನ ರುಚಿ ಇವತ್ತೇ ಸಿಕ್ಕಿದ್ದು."

ಕುಕ್ಕರಿನ ಸೀಟಿ

ನಮ್ಮ ಕಿತ್ತಳೆ ಮೀನಿನ ಜೋಡಿಯಲ್ಲಿ ದೊಡ್ಡದು ಹೆಣ್ಣು, ಸಣ್ಣದು ಗಂಡು. ಈ ಜಾತಿಯಲ್ಲಿ ಯಜಮಾನಿಕೆ ಹೆಣ್ಣಿನದು. ಅದು ಸತ್ತರೆ ಗಂಡೇ ನಿಧಾನವಾಗಿ ಹೆಣ್ಣಾಗಿ ಮನೆಯ ಆಡಳಿತ ತೆಗೆದುಕೊಳ್ಳುತ್ತದೆ. ಇದನ್ನು ನಾನು ಒಂದು ಸಂಜೆ ಕಾಕಾ, ಕಾಕೂ ಇಬ್ಬರಿಗೂ ವಿವರಿಸುತ್ತಿದ್ದೆ. ನನ್ನ ಹೆಂಡತಿ ಪಕ್ಕದಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಳು.

"ಎಷ್ಟು ದಿನಾ ಹಿಡೀತೈತ್ರಿ?" ಅಂತ ಕೇಳಿದಳು.

"ಕೆಲವು ವಾರ. ಹೆಚ್ಚಂದ್ರ ಎರಡು-ಮೂರು ತಿಂಗಳು."

"ಅಷ್ಟರಾಗ ಎಲ್ಲಾ ಕಲೀತೈತಿ ಅಂತೀರಿ? ನಾ ಗಟ್ಟಿಮುಟ್ಟಾಗಿ ಮುಂದ ನಿಂತು ಹದಿನಾಲ್ಕು ವರ್ಷ ಕಲಿಸಿದ್ರೂ, ಬ್ಯಾಳಿಗೆ ಕುಕ್ಕರ್ ಎಷ್ಟು ಸೀಟಿ ಹೊಡೀಬೇಕು ಅಂತ ನಿಮಗಿನ್ನೂ ಗೊತ್ತಿಲ್ಲ."

ಕಾಕಾಗೆ ಕನ್ನಡ ಬಾರದು. "ವಹಿನಿ ಏನಂದರು?" ಅಂದರು.

"ಮೀನು ಬಹಳ ಜಾಣ ಅಂದಳು," ಅಂದೆ.

ಕಾಕೂಗೂ ಕನ್ನಡ ಬಾರದು. ಆದರೆ ಅನುವಾದಕ್ಕೆ ಕಾಯದೆ ಆಗಲೇ ನಗುತ್ತಿದ್ದರು.

ಹನ್ನೊಂದು ಪೇಷಂಟು

ಇದು ಮರುವರ್ಷದ ಮೇ ತಿಂಗಳಿನದು. ಅಷ್ಟರಲ್ಲಿ ತೊಟ್ಟಿಗೆ ಇನ್ನಷ್ಟು ಬಣ್ಣದ ಮೀನುಗಳು ಬಂದು ಸೇರಿದ್ದವು. ನಾಗಪುರದ ಮೇ ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಹೊರಗೆ ನಲವತ್ತಾರು ಡಿಗ್ರಿ. ತೊಟ್ಟಿಯ ನೀರು ಮಾತ್ರ ಇಪ್ಪತ್ತಾರರಲ್ಲೇ ಇರಬೇಕು. ಅದಕ್ಕೊಂದು ನೀರು ತಣಿಸುವ ಮಶೀನು, ಜೊತೆಗೆ ಆ ಕೋಣೆಗೆ ಏಸಿ. ನಾವು ಬೇರೆ ಕೋಣೆಯಲ್ಲಿ ಕೂಲರ್ ಮುಂದೆ ಮಲಗುತ್ತಿದ್ದೆವು.

ಮಧ್ಯಾಹ್ನ ಒಂದು ಗಂಟೆಗೆ ರಸ್ತೆಯ ಟ್ರಾನ್ಸ್‌ಫಾರ್ಮರ್ ಡಬ್ ಅಂತ ಸಿಡಿದು ಹೊಗೆ ಬಂತು. ಮಶೀನು ನಿಂತಿತು, ಪಂಪು ನಿಂತಿತು. ಬ್ಯಾಟರಿಯ ಸಣ್ಣ ಗಾಳಿ ಪಂಪು ಹಚ್ಚಿದೆ, ಅದು ಅರ್ಧ ಗಂಟೆಯಲ್ಲಿ ಕೈ ಬಿಟ್ಟಿತು. ನೀರು ಇಪ್ಪತ್ತೆಂಟಾಯಿತು, ಇಪ್ಪತ್ತೊಂಬತ್ತಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಒಂದೂವರೆ ವರ್ಷದಲ್ಲಿ ಬೆಳೆದದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಹೋಗುವುದರಲ್ಲಿತ್ತು. ಹೆಂಡತಿ ಫ್ರಿಜ್‌ನ ಬರ್ಫದ ಬಾಟಲಿಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟಳು. ಕಾಕಾ ಸ್ಟೂಲ್ ಹತ್ತಿ ಪೇಪರ್‌ನಿಂದ ತೊಟ್ಟಿಗೆ ಗಾಳಿ ಹಾಕತೊಡಗಿದರು. ಮಗಳು ಅಳುತ್ತ ಲೋಟದಲ್ಲಿ ನೀರು ಎತ್ತಿ ಸುರಿಯುತ್ತಿದ್ದಳು, ಹಾಗಾದರೂ ಸ್ವಲ್ಪ ಗಾಳಿ ಸೇರಲಿ ಅಂತ. ನಾನು ಕರೆಂಟ್ ಆಫೀಸಿಗೆ ಫೋನ್ ಮಾಡಿದೆ.

ಫೋನ್ ಎತ್ತಿದ ಹೆಂಗಸು, "ಬಹಳ ಕಂಪ್ಲೇಂಟ್ ಇದೆ. ಸಂಜೆ ಆರಕ್ಕೆ ಬರುತ್ತಾರೆ," ಅಂದರು.

"ಆರರ ತನಕ ಉಳಿಯುವುದಿಲ್ಲ ಮ್ಯಾಡಂ."

"ಯಾರು ಉಳಿಯುವುದಿಲ್ಲ?"

"ಒಳಗಿರುವವರು. ಆಕ್ಸಿಜನ್ ನಿಂತುಹೋಗಿದೆ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. "ಮನೆಯಲ್ಲೇ ಆಕ್ಸಿಜನ್ ಹಚ್ಚಿದ್ದೀರಾ? ಎಷ್ಟು ಪೇಷಂಟು?"

ಪೇಷಂಟು ಅಂದಾಗಲೇ ನಾನು ತಿದ್ದಬೇಕಿತ್ತು. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಥರ್ಮಾಮೀಟರು ಮೂವತ್ತು ತೋರಿಸುತ್ತಿತ್ತು. ತೊಟ್ಟಿಯ ಕಡೆ ತಿರುಗಿ ಎಣಿಸಿದೆ.

"ಹನ್ನೊಂದು."

"ಅರೇ ದೇವಾ! ಒಂದೇ ಮನೆಯಲ್ಲಿ?"

"ಒಂದೇ ಕೋಣೆಯಲ್ಲಿ."

"ಏನು ಕಾಯಿಲೆ?"

"ಬೆಳಿಗ್ಗೆವರೆಗೂ ಏನೂ ಇರಲಿಲ್ಲ ಮ್ಯಾಡಂ. ಈಗ ಎಲ್ಲರೂ ಬಾಯಿ ಬಿಡುತ್ತಿದ್ದಾರೆ."

ಇಪ್ಪತ್ತು ನಿಮಿಷದಲ್ಲಿ ಗಾಡಿ ಬಂತು. ಇಬ್ಬರು ಟ್ರಾನ್ಸ್‌ಫಾರ್ಮರ್ ಕಡೆ ಓಡಿದರು. ಮೂರನೆಯವರು, ಐವತ್ತು ದಾಟಿದ ಹಿರಿಯ ಲೈನ್‌ಮನ್, ಲಿಫ್ಟ್ ಇಲ್ಲದ್ದರಿಂದ ಮೂರು ಮಹಡಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನಮ್ಮ ಬಾಗಿಲಲ್ಲಿ ನಿಂತರು. ಪೇಷಂಟುಗಳನ್ನು ಕೆಳಗೆ ಇಳಿಸಬೇಕಾದೀತು ಅಂತ ಹೆಗಲ ಮೇಲೆ ಒಂದು ಕಂಬಳಿ ಬೇರೆ.

"ಪೇಷಂಟ್ ಕುಠೇ?"

ಕಾಕಾ ಗಾಳಿ ಹಾಕುವುದನ್ನು ನಿಲ್ಲಿಸಲಿಲ್ಲ. ಗದ್ದ ಎತ್ತಿ ತೊಟ್ಟಿಯನ್ನು ತೋರಿಸಿದರು.

ಲೈನ್‌ಮನ್ ತೊಟ್ಟಿ ನೋಡಿದರು. ನನ್ನನ್ನು ನೋಡಿದರು. ನಾನು ಕೈಮುಗಿದು, "ದಾದಾ, ತಪ್ಪಾಯಿತು. ಫೋನಿನಲ್ಲಿ ಅವರು ಪೇಷಂಟು ಅಂದರು, ನಾನು ಇಲ್ಲ ಅನ್ನಲಿಲ್ಲ," ಅಂದೆ. ಮಗಳು ಲೋಟದಲ್ಲಿ ನೀರು ಎತ್ತಿ ಸುರಿಯುತ್ತಲೇ ಇದ್ದಳು.

ಅವರು ಹೆಲ್ಮೆಟ್ ತೆಗೆದರು. ಕಂಬಳಿ ಕುರ್ಚಿಯ ಮೇಲಿಟ್ಟರು. ಗಾಜಿಗೆ ಮೂಗು ತಾಗುವ ಹಾಗೆ ಬಗ್ಗಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ನೋಡಿದರು. ಬೈಗುಳಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

"ಇದರಲ್ಲಿ ಸೀರಿಯಸ್ ಯಾರು?" ಅಂತ ಮಗಳನ್ನು ಕೇಳಿದರು.

ಮಗಳು ಮೂಗು ಒರೆಸಿಕೊಂಡು, ಮೂಲೆಯಲ್ಲಿ ಓರೆಯಾಗಿ ತೇಲುತ್ತಿದ್ದ ಹಳದಿ ಮೀನು ತೋರಿಸಿದಳು. ಅವರು ಒಂದು ಕ್ಷಣ ಅದನ್ನೇ ನೋಡಿ, ಬಾಲ್ಕನಿಗೆ ಹೋಗಿ, ಕೆಳಗಿನವರಿಗೆ ಬಿಲ್ಡಿಂಗ್‌ಗೆಲ್ಲ ಕೇಳುವ ಹಾಗೆ ಕೂಗಿದರು: "ಅರೇ ಜಲ್ದಿ ಕರಾ! ಏಕ್ ಪೇಷಂಟ್ ಸೀರಿಯಸ್ ಆಹೇ!"

ಕೆಳಗಿನವರು ಬೆಂಕಿಯಂಥ ಬಿಸಿಲಿನಲ್ಲಿ ಕೆಲಸ ಮಾಡಿದರು. ಇವರು ಮೇಲೆಯೇ ನಿಂತು, ಕಾಕಾ ಕೈ ಸೋತಾಗ ಪೇಪರ್ ಇಸಿದುಕೊಂಡು ತಾವೂ ಗಾಳಿ ಹಾಕಿದರು. ಎರಡೂವರೆಗೆ ಕರೆಂಟು ಬಂತು. ಪಂಪು ಗುರ್ ಅಂದಿತು, ನೀರು ಅಲೆಯಾಯಿತು. ಹತ್ತು ನಿಮಿಷಕ್ಕೆ ಹಳದಿ ಮೀನು ನೆಟ್ಟಗಾಗಿ ಕಲ್ಲಿನ ಸಂದಿಗೆ ನುಗ್ಗಿತು. ಹೆಂಡತಿ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಮಗಳು ಲೈನ್‌ಮನ್ ಕೈ ಹಿಡಿದುಕೊಂಡು ನಿಂತುಬಿಟ್ಟಳು.

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಆಫೀಸಿನ ಅದೇ ಹೆಂಗಸು. ಗಾಬರಿಯ ದನಿ ನಮಗೂ ಕೇಳುತ್ತಿತ್ತು: "ಕರೆಂಟ್ ಬಂತಾ? ಪೇಷಂಟುಗಳು ಹೇಗಿದ್ದಾರೆ? ಆಂಬುಲೆನ್ಸ್ ಕಳಿಸಲಾ?"

ನಾನು ಗೋಡೆ ನೋಡಿದೆ. ಲೈನ್‌ಮನ್ ಮಜ್ಜಿಗೆ ಲೋಟ ಕೆಳಗಿಟ್ಟು, ಗಂಟಲು ಸರಿ ಮಾಡಿಕೊಂಡರು.

"ಬೇಡ ಮ್ಯಾಡಂ. ಸಗಳಂ ಠೀಕ್ ಆಹೇ. ಹನ್ನೊಂದೂ ಮಂದಿ ಈಜಾಡುತ್ತಿದ್ದಾರೆ."