ಫ್ರೆಂಚ್ ಮಾತಿಗೆ ಸರಿದ ಮರ

ನಾನು ಬಾಗಿಲು ಹಾಕಿಕೊಂಡು ಕೂತರೂ ನಗೆಯ ಸಂಗತಿಗಳು ಕಿಟಕಿಯಿಂದ ಬಂದುಬಿಡುತ್ತವೆ. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಚೆಟ್ಟಳ್ಳಿ ಕಡೆಯ ಕಾಫಿ ತೋಟವೊಂದರಲ್ಲಿ ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿ ಕೆಲಸ ಖಾಲಿ ಇತ್ತು. ಅದು ನನಗೆ ಬೇಕಿತ್ತು. ತೋಟದ ಲೆಕ್ಕ ಬರೆಯುವ ರೈಟರಿಗೆ ಅದನ್ನು ತನ್ನ ಭಾವಮೈದನಿಗೆ ಕೊಡಿಸಬೇಕಿತ್ತು.

೧. ಬಾಯಿ ಬಿಡದ ಅಕ್ಷರ

ತೋಟದ ದೊರೆ ಇಂಗ್ಲೆಂಡಿನವರು, ಅವರ ಹೆಂಡತಿ ದೊರೆಸಾನಿ ಫ್ರಾನ್ಸಿನವರು. ಊಟಕ್ಕೆ ಕರೆಯುವಾಗ ‘ಮಾಂಜೋಂ’ ಅನ್ನುತ್ತಿದ್ದರು. ‘ಉಣ್ಣೋಣ’ ಅಂತ ಅರ್ಥ. ಅದನ್ನು ಸರಿಯಾಗಿ ಹೇಳಿದವರ ಮೇಲೆ ಅವರಿಗೆ ಬಲು ಪ್ರೀತಿ. ರೈಟರು ಅದನ್ನು ಬರೆಸಿಕೊಂಡು ಇಂಗ್ಲಿಷಿನ ಹಾಗೆ ಓದಿದರು: “ಮಾನ್-ಗಿ-ಯಾನ್ಸ್!”

“ಎರಡೇ ತುಂಡು ರೈಟರೇ. ನಡುವಿನ ‘ಇ’ ಅಕ್ಷರ ಹೇಳಬಾರದು” ಅಂದರು ದೊರೆಸಾನಿ.

“ಮತ್ತೆ ಬರೆಯುವುದು ಯಾಕಮ್ಮಾ?”

“ಅದು ಪಕ್ಕದಲ್ಲಿದ್ದರೇನೇ ‘ಗ’ ಮೆತ್ತಗಾಗಿ ‘ಜ’ ಆಗುವುದು.”

ನಾನು ಬಿಡಿಸಿ ಹೇಳಿದೆ: “ನಮ್ಮ ದೊರೆ ಇದ್ದ ಹಾಗೆ ರೈಟರೇ. ಬಾಯಿ ಬಿಡುವುದಿಲ್ಲ, ಪಕ್ಕಕ್ಕೆ ಬಂದು ನಿಂತರೆ ಸಾಕು, ನೀವು ಮೆತ್ತಗಾಗುತ್ತೀರಿ!”

೨. ಶೀತದ ಉಪಕಾರ

ಎರಡೂ ತುಂಡು ಮೂಗಿನಲ್ಲೇ ಬರಬೇಕಂತೆ. ಆ ವಾರ ನನಗೆ ಜೋರು ಶೀತ. ಒಮ್ಮೆ ಹೇಳಿದ್ದೇ ತಡ, ದೊರೆಸಾನಿ ಚಪ್ಪಾಳೆ ತಟ್ಟಿ, “ನಮ್ಮೂರಿನವನೇ!” ಅಂದರು. ಖುಷಿಗೆ ಕರಿಮೆಣಸಿನ ಕಷಾಯವನ್ನೂ ಕಳಿಸಿದರು. ಕುಡಿದೆ. ಬೆಳಗಾಗುವಷ್ಟರಲ್ಲಿ ಶೀತವೂ ಹೋಯಿತು, ಫ್ರೆಂಚೂ ಹೋಯಿತು.

೩. ಹಸಿದವರ ಉಚ್ಚಾರ

ಒಂದು ದಿನ ಬಂಗಲೆ ದಾರಿಗೆ ದೊಡ್ಡ ಮರ ಬಿತ್ತು. ದೊರೆಯ ಮನೆಯಲ್ಲಿ ಅಂದೇ ನೆಂಟರಿಗೆ ಊಟ. “ಇದನ್ನು ಸರಿಸಿದವನೇ ಮೇಸ್ತ್ರಿ” ಅಂದರು ದೊರೆ.

ಮರ ಎಳೆಯುವಾಗ ಒಬ್ಬ ಕೂಗಬೇಕು, ಉಳಿದವರು ಓಗೊಟ್ಟು ಹಗ್ಗ ಜಗ್ಗಬೇಕು. ಬಂಗಲೆಗೆ ಕೇಳಲಿ ಅಂತ ನಾನು ದೊರೆಸಾನಿಯ ಮಾತನ್ನೇ ಎರಡು ತುಂಡು ಮಾಡಿದೆ. ನಾನು “ಮಾಂ!” ಅಂದರೆ ಆಳುಗಳು “ಜೋಂ!” ಮರ ಮೊಳದಷ್ಟು ಜರುಗಿತು.

ದೊರೆಸಾನಿಗೆ ಕೇಳಿಸಿತು. ಪಾಪ, ಆಳುಗಳೆಲ್ಲ ಹಸಿದು ಕೂಗುತ್ತಿದ್ದಾರೆಂದು ನೆಂಟರಿಗೆ ಮಾಡಿಸಿದ್ದ ಕೋಳಿಸಾರು, ಅನ್ನ ಎಲ್ಲಾ ಕಳಿಸಿಬಿಟ್ಟರು. ಆಳುಗಳು ಹಗ್ಗ ಬಿಟ್ಟು ಮರದ ಮೇಲೇ ಕೂತು ಉಂಡರು. ಉಂಡ ಮೇಲೆ ಯಾರು ಏಳುತ್ತಾರೆ?

ಅಷ್ಟರಲ್ಲಿ ನೆಂಟರ ಜೀಪುಗಳು ಬಂದವು. ದಾರಿಯಲ್ಲಿ ಮರ, ಪಾತ್ರೆ ಖಾಲಿ.

“ಮುಗಿಯಿತಲ್ಲ ನಿನ್ನ ಮೇಸ್ತ್ರಿಗಿರಿ!” ಅಂದರು ರೈಟರು.

“ತಡೀರಿ” ಅಂದವನೇ ಹಗ್ಗವನ್ನು ನೆಂಟರ ಕೈಗೆ ಕೊಟ್ಟು ಕೂಗಿದೆ: “ಮಾಂ!”

ಹಸಿದ ಹೊಟ್ಟೆಗಳಿಂದ “ಜೋಂ!” ಅಂತ ಎಂಥಾ ಶುದ್ಧ ಉಚ್ಚಾರ ಬಂತು ಅಂತೀರಿ! ಮರ ದಾರಿ ಬಿಟ್ಟಿತು, ಅಂಗಳ ದಾಟಿತು, ನೇರ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತಿತು.

ಮೇಸ್ತ್ರಿ ಕೆಲಸ ನನಗೇ ಬಂತು. ನೆಂಟರಿಗೆ ಮತ್ತೆ ಅಡುಗೆ ಮಾಡಲು ಆ ಮರವೇ ಸೌದೆ.