ಮೂರೂವರೆ ಟನ್ ತೂಕದ ರಿವಾಲ್ವರ್

ಹಳೇ ರಿವಾಲ್ವರ್ ಇರುವ ಮನೆಯಲ್ಲಿ ಅದಕ್ಕಿಂತ ಹಳೆಯ ಕಥೆಯೊಂದು ಇದ್ದೇ ಇರುತ್ತದೆ. ಎರಡಕ್ಕೂ ತಾಳೆಯಾಗದೇ ಹೋದಾಗ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು ನಾನು. ನಿವೃತ್ತಿಯಾದ ಮೇಲೆ ದೊಡ್ಡಬಳ್ಳಾಪುರದಲ್ಲಿ, ಬೆಳಗಿನಿಂದ ರಾತ್ರಿವರೆಗೆ ಮಗ್ಗ ಸದ್ದು ಮಾಡುವ ಬೀದಿಯಲ್ಲಿ ಇದ್ದೇನೆ. ಲೈಸೆನ್ಸ್ ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಬರಬೇಕಾದರೆ ಆಯುಧ ಯಾವ ದೇಶದ್ದು, ಯಾವ ಕಾಲದ್ದು, ನಂಬರ್ ಏನು ಎಂದು ಯಾರಾದರೂ ನೋಡಿ ಬರೆದುಕೊಡಬೇಕು. ಭೂತಗನ್ನಡಿ ಹಿಡಿದು ಲೋಹದ ಮೇಲಿನ ಮುದ್ರೆಗಳನ್ನು ಓದುವ ಆ ಕೆಲಸ ನನ್ನದು. "ಬಂದೂಕು ಹುಟ್ಟಿದ ವರ್ಷ ಹೇಳ್ತಾರೆ, ನಮ್ಮ ಮದುವೆ ತಾರೀಕು ಕೇಳಿ ನೋಡಿ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಕಾಫಿ ಜೊತೆಗೆ ಹೇಳುತ್ತಾಳೆ. ನಾನೇನು ಮಾಡಲಿ, ಆ ತಾರೀಕನ್ನು ಯಾರೂ ಎಲ್ಲೂ ಒತ್ತಿಟ್ಟಿಲ್ಲವಲ್ಲ.

ಈ ವರ್ಷ ಆಯುಧಪೂಜೆಗೆ ಒಂದು ತಿಂಗಳು ಇದೆ ಅನ್ನುವಾಗ ತ್ಯಾಮಗೊಂಡ್ಲು ಕಡೆಯ ಗೌಡರೊಬ್ಬರು ಬಂದರು. ಅವರ ತಂದೆ ತೀರಿಕೊಂಡು ವರ್ಷವಾಗಿತ್ತು. ತಂದೆಯ ರಿವಾಲ್ವರ್ ಅಂದಿನಿಂದ ಠಾಣೆಯ ಬೀರುವಿನಲ್ಲಿತ್ತು. ತಾತ ಚಿರತೆ ಹೊಡೆದದ್ದಕ್ಕೆ ಮೆಚ್ಚಿ ಬಿಳಿ ದೊರೆಯೊಬ್ಬ ಸೊಂಟದಿಂದ ಬಿಚ್ಚಿ ಕೊಟ್ಟದ್ದಂತೆ ಅದು. ಊರಲ್ಲಿ ಅವರ ಮನೆಗೆ 'ದೊರೆ ಪಿಸ್ತೂಲಿನ ಮನೆ' ಅಂತಲೇ ಹೆಸರು. ಕಥೆ ಚೆನ್ನಾಗಿತ್ತು, ಆದರೆ ಅದಕ್ಕೊಂದು ಕಾಗದ ಇರಲಿಲ್ಲ. ರಿವಾಲ್ವರ್ ಮನೆಗೆ ಹೇಗೆ ಬಂತು ಎಂದು ತೋರಿಸದಿದ್ದರೆ ಅದು ಸರ್ಕಾರದ ಪಾಲು. "ನಮ್ಮವ್ವ ಅದಕ್ಕೆ ಕುಂಕುಮ ಇಡದೆ ಹಬ್ಬದೂಟ ಮುಟ್ಟೋರಲ್ಲ ಸರ್. ಹೋದ್ ವರ್ಷ ಉಪವಾಸ ಮಲಗಿದ್ರು" ಎಂದು ಗೌಡರು ಕೈ ಹಿಡಿದುಕೊಂಡರು. ಠಾಣೆಯಿಂದ ಕರೆ ಬಂದ ದಿನ ಬರುತ್ತೇನೆ ಎಂದೆ. ಆ ಕರೆ ಬರುವಷ್ಟರಲ್ಲಿ ಇನ್ನೆರಡು ಗಿರಾಕಿಗಳು ಬಂದುಹೋದರು.

ಪೇಟೆಂಟು

ಮೊದಲನೆಯವರು ರಾಜಘಟ್ಟದವರು. ಅವರೂರಲ್ಲಿ ಅಗೆದರೆ ಬೌದ್ಧರ ಕಾಲದ್ದು ಸಿಗುತ್ತದೆ. ಹಾಗಾಗಿ ಯಾವುದಕ್ಕಾದರೂ ಬರೀ ನೂರು ವರ್ಷ ಅಂದರೆ ಅವರಿಗೆ ಅವಮಾನ. ತಮ್ಮ ರಿವಾಲ್ವರ್ ನಳಿಗೆಯ ಮೇಲೆ ಕೆತ್ತಿದ್ದ ಇಸವಿಗೆ ಉಗುರು ಒತ್ತಿ, ಇದು ಅಷ್ಟು ಹಳೆಯದು, ಹಾಗೇ ಬರೆದುಕೊಡಿ ಎಂದರು.

ಅದು ಕಂಪನಿಗೆ ಪೇಟೆಂಟು ಸಿಕ್ಕ ಇಸವಿ, ಅದೇ ಇಸವಿಯನ್ನು ಅವರು ಎಷ್ಟೋ ವರ್ಷ ಒತ್ತುತ್ತಲೇ ಇದ್ದರು, ನಿಮ್ಮದು ತೀರಾ ಈಚಿನದು ಎಂದೆ. ಅವರು ಒಪ್ಪಲಿಲ್ಲ. ಕೊನೆಗೆ ಅವರಿಗೆ ಅರ್ಥವಾಗುವ ಹಾಗೆ, ನಿಮ್ಮ ಬಸ್ ಸ್ಟ್ಯಾಂಡಿನ ಹೋಟೆಲ್ ಬೋರ್ಡಿನ ಮೇಲೆ ಸ್ಥಾಪನೆ ಇಂಥ ವರ್ಷ ಅಂತ ಇರುತ್ತದಲ್ಲ, ಹಾಗಂತ ತಟ್ಟೆಯಲ್ಲಿರುವ ವಡೆ ಆ ವರ್ಷ ಕರಿದದ್ದೇ ಎಂದು ಕೇಳಿದೆ.

ಅವರು ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿಕೊಂಡರು.

"ಆ ಹೋಟ್ಲಲ್ಲಿ ಇರ್ಬೋದು ಸರ್."

ಹುಣಸೆಹಣ್ಣು

ಎರಡನೆಯವರು ನಮ್ಮ ಬೀದಿಯವರೇ, ಎಂಟು ಪವರ್‌ಲೂಮಿನ ಯಜಮಾನರು. ಆಯುಧಪೂಜೆ ಬಂತೆಂದರೆ ಮಗ್ಗ, ಸ್ಕೂಟರು, ಇಳಿಗೆಮಣೆ ಎಲ್ಲವನ್ನೂ ತಾವೇ ಕೂತು ಉಜ್ಜುವ ಭಕ್ತಿವಂತರು. ಅವರು ತಂದ ರಿವಾಲ್ವರ್ ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸುತ್ತಿತ್ತು. ಭೂತಗನ್ನಡಿ ಹಿಡಿದು ಮೂರು ಸುತ್ತು ಹುಡುಕಿದೆ. ನಂಬರಿಲ್ಲ, ಕಿರೀಟದ ಮುದ್ರೆಯಿಲ್ಲ, ಒಂದಕ್ಷರವಿಲ್ಲ. ವರ್ಷಾ ವರ್ಷ ಹುಣಸೆಹಣ್ಣು, ಬೂದಿ, ಆಮೇಲೆ ಉಪ್ಪುಕಾಗದ ಹಾಕಿ ಉಜ್ಜಿದ್ದರಂತೆ.

ನನಗೆ ಸಿಟ್ಟೇ ಬಂತು. ನಂಬರ್ ಅಳಿಸಿದ ಆಯುಧ ಸಿಕ್ಕರೆ ನಿಮ್ಮನ್ನು ಒಳಗೆ ಹಾಕುತ್ತಾರೆ ಮಾರಾಯರೇ ಎಂದು ಬೈದೆ. ಅವರ ಮುಖ ಬೆಳ್ಳಗಾಯಿತು. ಆಮೇಲೆ ನನಗೇ ಹೊಳೆದು, ಹಿಡಿಯ ಮರದ ತುಂಡಿನ ತಿರುಪು ಬಿಚ್ಚಿದೆ. ಕೆಲವು ಕಂಪನಿಗಳು ಒಳಗಡೆಯೂ ನಂಬರ್ ಒತ್ತಿರುತ್ತವೆ. ಇತ್ತು! ಪೂರ್ತಿ ನಂಬರ್, ಅಚ್ಚುಕಟ್ಟಾಗಿ. ನೋಡಿ, ಉಳಿದುಕೊಂಡಿರಿ ಎಂದು ತೋರಿಸಿದೆ.

ಯಜಮಾನರು ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು. "ಛೆ, ಇಲ್ಲಿ ಉಜ್ಜೇ ಇಲ್ವಲ್ಲ ಸರ್ ನಾನು."

ತೂಕ

ಹಬ್ಬಕ್ಕೆ ವಾರವಿರುವಾಗ ಠಾಣೆಯಿಂದ ಕರೆ ಬಂತು. ಹೋಗುವಷ್ಟರಲ್ಲಿ ಇನ್ಸ್‌ಪೆಕ್ಟರು ರಿಜಿಸ್ಟರ್ ಎದುರಿಗಿಟ್ಟುಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಗೌಡರ ರಿವಾಲ್ವರ್ ಜಮಾ ಆದ ದಿನ ವಿವರ ಬರೆದವನು ಒಬ್ಬ ಪೇದೆ. ಬಹಳ ನಿಯತ್ತಿನ ಮನುಷ್ಯ. ಕಂಡದ್ದನ್ನು ಬರೆಯುತ್ತಾನೆ, ಹೇಳಿದ್ದನ್ನು ಬರೆಯುತ್ತಾನೆ, ನಡುವೆ ಸ್ವಂತ ಬುದ್ಧಿ ಸೇರಿಸಿ ಸರ್ಕಾರಿ ಕಾಗದ ಕೆಡಿಸುವವನಲ್ಲ. ಅವನು ರಿವಾಲ್ವರಿನ ತೂಕ ಮೂರೂವರೆ ಟನ್ ಎಂದು ಬರೆದಿದ್ದ.

ನಾನು ನಳಿಗೆ ನೋಡಿದೆ. ಪಾಪ, ಅವನ ತಪ್ಪಿಲ್ಲ. ಮೂರೂವರೆ ಟನ್ ಎಂದು ಇಂಗ್ಲಿಷಿನಲ್ಲಿ ಒತ್ತಿಯೇ ಇತ್ತು. ಗುಂಡು ಹಾರುವಾಗ ಎಷ್ಟು ಒತ್ತಡ ತಡೆಯುತ್ತದೆ ಎಂದು ಪರೀಕ್ಷೆ ಮಾಡಿ ಹಾಕುವ ಮುದ್ರೆ ಅದು, ತೂಕವಲ್ಲ ಎಂದು ವಿವರಿಸಿದೆ.

ಇನ್ಸ್‌ಪೆಕ್ಟರು ಪೇದೆಯ ಕಡೆ ತಿರುಗಿ, ಮೂರೂವರೆ ಟನ್ ಇದ್ದದ್ದನ್ನು ಬೀರುವಿನೊಳಗೆ ಹೇಗಪ್ಪಾ ಇಟ್ಟೆ ಎಂದು ಕೇಳಿದರು.

"ಇಬ್ರು ಹಿಡ್ಕೊಂಡ್ವಿ ಸರ್."

ಮೇಕ್

ಅಷ್ಟರಲ್ಲಿ ಗೌಡರು ಬಂದರು. ಹಿಂದೆಯೇ ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಯಾರನ್ನೂ ಕೇಳದೆ ಕುರ್ಚಿ ಎಳೆದುಕೊಂಡು ಕೂತರು.

ನಾನು ಕೆಲಸ ಶುರು ಮಾಡಿದೆ. ಮುದ್ರೆಗಳ ಸಂದುಗೊಂದಿಯಲ್ಲೆಲ್ಲ ಅಷ್ಟೂ ವರ್ಷದ ಅರಿಸಿನ, ಕುಂಕುಮ, ಹರಳೆಣ್ಣೆ ಸೇರಿ ಗಾರೆಯಾಗಿತ್ತು. ಬೇವಿನಕಡ್ಡಿಯಲ್ಲಿ ಅರ್ಧ ಗಂಟೆ ಕೆದಕಿದ ಮೇಲೆ ಮೊಟ್ಟೆಯಾಕಾರದ ಒಂದು ಸಣ್ಣ ಮುದ್ರೆ ಕಂಡಿತು. ಬೆಲ್ಜಿಯಂ ದೇಶದ್ದು. ಇಂಗ್ಲಿಷ್ ದೊರೆಯ ಸೊಂಟದಲ್ಲಿ ಬೆಲ್ಜಿಯಂ ಮಾಲೇ ಅನ್ನಿಸಿತು. ಇನ್ನೂ ಕೆದಕಿದರೆ ನಳಿಗೆಯುದ್ದಕ್ಕೂ ಸ್ಪಷ್ಟವಾದ ಮೂರು ಇಂಗ್ಲಿಷ್ ಪದ: 'ನಾಟ್ ಇಂಗ್ಲಿಷ್ ಮೇಕ್'.

ಗೌಡರು ಏನು ಸರ್ ಎಂದರು. ಹೇಳದೆ ವಿಧಿಯಿರಲಿಲ್ಲ. ಹೊರದೇಶದ ರಿವಾಲ್ವರ್ ಇಂಗ್ಲೆಂಡಿಗೆ ಪರೀಕ್ಷೆಗೆ ಬಂದರೆ, ಇದು ನಾವು ಮಾಡಿದ್ದಲ್ಲಪ್ಪಾ ಎಂದು ಅವರೇ ಹೀಗೆ ಒತ್ತುತ್ತಿದ್ದರು. ಆ ಪದ್ಧತಿ ಶುರುವಾದದ್ದೇ ಮೊದಲನೇ ಮಹಾಯುದ್ಧ ಮುಗಿದು ಎಷ್ಟೋ ವರ್ಷಕ್ಕೆ. ಗೌಡರ ಮನೆಯ ಕಥೆಯಲ್ಲಿ ತಾತ ಚಿರತೆ ಹೊಡೆದದ್ದು ಆ ಯುದ್ಧಕ್ಕೂ ಮುಂಚೆ. ಅಂದರೆ ದೊರೆ ಇದನ್ನು ಕೊಟ್ಟಿರುವುದು ಸಾಧ್ಯವೇ ಇಲ್ಲ.

ಗೌಡರು ಬೆಂಚಿನ ಮೇಲೆ ಕುಸಿದರು. ಮನೆಯ ಹೆಸರೂ ಹೋಯಿತು, ರಿವಾಲ್ವರೂ ಹೋಯಿತು. ಇನ್ಸ್‌ಪೆಕ್ಟರು ಮುಖ ಆ ಕಡೆ ಮಾಡಿಕೊಂಡರು. ಈ ಕಣ್ಣು ಇಷ್ಟು ಚುರುಕಾಗಿ ಯಾಕಿದೆಯೋ ಎಂದು ನನ್ನ ಮೇಲೇ ನನಗೆ ಬೇಜಾರಾಯಿತು.

ಅಜ್ಜಿ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಡಿಸಿ ಬಾಯಿಗಿಟ್ಟುಕೊಂಡು, ಅದೇ ಚೀಲದ ತಳದಿಂದ ಒಂದು ಬಟ್ಟೆಗಂಟು ತೆಗೆದು ನನ್ನ ಮುಂದಿಟ್ಟರು. ಬಿಚ್ಚಿದರೆ ತಾತನ ಹೆಸರಿನ, ಹುಳ ತಿಂದ ಹಳೇ ಲೈಸೆನ್ಸ್ ಪುಸ್ತಕ. ಮೊದಲ ಪುಟದಲ್ಲಿ ರಿವಾಲ್ವರಿನ ನಂಬರ್. ನಾನು ಆಗಷ್ಟೇ ಕೆದಕಿ ಓದಿದ ನಂಬರೇ. ಅದರ ಕೆಳಗೆ, ಬೀಗರಿಂದ ಉಡುಗೊರೆಯಾಗಿ ಬಂದದ್ದು ಎಂದು ಬರೆದು ಅಜ್ಜಿಯ ತಂದೆಯ ಹೆಸರು.

"ನಮ್ಮಪ್ಪ ನನ್ ಮದುವೇಲಿ ಕೊಟ್ಟಿದ್ದು ಕಣೋ" ಎಂದು ಅಜ್ಜಿ ಮಗನಿಗೆ ಹೇಳಿದರು. "ಸೊಸೆ ಮನೆಯೋರು ಕೊಟ್ರು ಅನ್ನಕ್ಕೆ ನಮ್ಮಾವಂಗೆ ನಾಚ್ಕೆ. ಕಥೆಗೆ ಚಿರತೆ ತಂದ್ರು, ದೊರೆ ತಂದ್ರು. ಈ ಪುಸ್ತಕ ನೀರೊಲೆಗೆ ಹಾಕು ಅಂದ್ರು. ನಾನು ಹಾಕ್ಲಿಲ್ಲ."

ಗೌಡರು ಪುಸ್ತಕ ತಿರುವಿ ನೋಡಿದರು. ಇಷ್ಟು ವರ್ಷ ಯಾಕವ್ವ ಸುಮ್ಮನಿದ್ದೆ ಎಂದು ಕೇಳಿದರು.

"ನಿಮ್ಮಪ್ಪ ಆ ಕಥೆ ಹೇಳೋವಾಗ ಮೀಸೆ ತಿರುವೋರು. ಇರೋವರ್ಗೂ ತಿರುವ್ಕೊಳ್ಲಿ ಅಂತ ಬಿಟ್ಟಿದ್ದೆ. ಆಮೇಲೆ ಕಾಗದ ಬೇಕು ಅಂತ ನೀನು ನನ್ನ ಕೇಳ್ಲೇ ಇಲ್ಲ."

ಪ್ರತಿ ಹಬ್ಬಕ್ಕೂ ಆಕೆ ಕುಂಕುಮ ಇಟ್ಟದ್ದು ಯಾರ ನೆನಪಿಗೆ ಎಂದು ನನಗೆ ಆಗ ಹೊಳೆಯಿತು. ಕಾಗದ ಸಿಕ್ಕಿತ್ತು, ನಂಬರ್ ತಾಳೆಯಾಗಿತ್ತು, ಹಬ್ಬದ ಹಿಂದಿನ ದಿನ ರಿವಾಲ್ವರ್ ಮನೆಗೆ ಹೋಯಿತು. ಆದರೆ ಅದಕ್ಕೆ ಮುಂಚೆ ಹೊಸ ವಿವರ ಬರೆಯಬೇಕಿತ್ತಲ್ಲ. ನಾನು ಹೇಳುತ್ತಾ ಹೋದೆ, ಪೇದೆ ಬರೆಯುತ್ತಾ ಹೋದ. ಆಯುಧ, ರಿವಾಲ್ವರ್. ದೇಶ, ಬೆಲ್ಜಿಯಂ. ಮೇಕ್ ಎಂಬ ಕಾಲಂ ಬಂತು. ಕಂಪನಿಯ ಹೆಸರು ಎಲ್ಲೂ ಇರಲಿಲ್ಲ. ನಾನು ಭೂತಗನ್ನಡಿ ಹಿಡಿದು ಮತ್ತೆ ಹುಡುಕತೊಡಗಿದೆ. ಪೇದೆ ಪೆನ್ನು ಎತ್ತಿ ಕಾಯುತ್ತಿದ್ದ.

"ಅಷ್ಟು ಯಾಕೆ ತಡಕಾಡ್ತೀಯಪ್ಪ" ಎಂದರು ಅಜ್ಜಿ. "ತವರುಮನೆ ಅಂತ ಬರ್ಕೊ."

ಇನ್ಸ್‌ಪೆಕ್ಟರು ನಕ್ಕರು, ಗೌಡರು ಕಣ್ಣೊರೆಸಿಕೊಂಡು ನಕ್ಕರು, ನಾನೂ ನಕ್ಕೆ. ಪೇದೆಯೊಬ್ಬನೇ ನಗಲಿಲ್ಲ. ನಾವು ನಗು ನಿಲ್ಲಿಸಿ ನೋಡುವಷ್ಟರಲ್ಲಿ ಅವನು ಅದನ್ನು ಬರೆದು, ಕೆಳಗೆ ಠಾಣೆಯ ಸೀಲನ್ನೂ ಒತ್ತಿಬಿಟ್ಟಿದ್ದ. ತೂಕದ ಕಾಲಂ ಮಾತ್ರ ಖಾಲಿ ಬಿಟ್ಟಿದ್ದ.