ಕೌದಿಗೂ ಹಸಿವಾಗುತ್ತದೆ

ಮೀಟಿಂಗಿನಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸುವ ಕೆಟ್ಟ ಚಟ ನನಗಿದೆ. ಹೇಳಿದ್ದು ಏನೆಂಬುದು ಮನೆಗೆ ಬಂದು ರೊಟ್ಟಿ ಬಡಿಯುವಾಗ ತಿಳಿಯುತ್ತದೆ. ಅಷ್ಟರಲ್ಲಿ ಕೆಲಸ ನನ್ನ ಹೆಗಲೇರಿರುತ್ತದೆ. ಮಕ್ಕಳಿಗೆ ಹಳ್ಳಿಯ ಕೈಕಸುಬು ಕಲಿಸಬೇಕು, ಅದರಿಂದ ಅವರ ಸೃಜನಶೀಲತೆ ಬೆಳೆಯುತ್ತದೆ, ಸೋತರೂ ಎದ್ದು ನಿಲ್ಲುವ ಗಟ್ಟಿತನ ಬರುತ್ತದೆ ಎಂದು ಸುತ್ತೋಲೆ ಬಂದಾಗಲೂ ಹಾಗೇ ಆಯಿತು. ಹೆಡ್‌ಮಾಸ್ತರರು, "ಕೌದಿ ಹೊಲ್ಸೋದು ಟೀಚರ್ ನೋಡ್ಕೊಂತಾರ" ಎಂದು ಬರೆದುಕೊಂಡೇ ಬಿಟ್ಟರು.

ಕೊಟ್ಟೂರಿನ ಹತ್ತಿರದ ನಮ್ಮ ಸಣ್ಣ ಶಾಲೆಯಲ್ಲಿ ಕೌದಿ ಬಲ್ಲವರು ಯಾರೂ ಇರಲಿಲ್ಲ, ನಾನಂತೂ ಅಲ್ಲವೇ ಅಲ್ಲ. ಆರನೆಯ ತರಗತಿಯ ಹುಲಿಗೆಮ್ಮನ ಅಜ್ಜಿಯನ್ನು ಕೈಮುಗಿದು ಕರೆತಂದೆ. ಹಳೇ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಹನ್ನೆರಡು ಮಕ್ಕಳು ಸುತ್ತ ಕೂತು ಮೂರು ತಿಂಗಳ ಶನಿವಾರಗಳೆಲ್ಲ ಹೊಲಿದರು. ಅಜ್ಜಿ ಮಹಾ ಕಟ್ಟುನಿಟ್ಟು. ಹೊಲಿಗೆ ಸೊಟ್ಟ ಬಂದರೆ ಒಂದೇ ಎಳೆತಕ್ಕೆ ದಾರ ಕಿತ್ತು, "ಮತ್ತ ಹಾಕು" ಎನ್ನುತ್ತಿದ್ದರು. ಮೊದಮೊದಲು ಅಳುತ್ತಿದ್ದ ಮಕ್ಕಳು ಕಡೆಕಡೆಗೆ ತಾವೇ ಕಿತ್ತು ತಾವೇ ಹಾಕತೊಡಗಿದರು. ನಾನು ಕುರ್ಚಿಯಲ್ಲಿ ಕೂತು ಹಾಜರಿ ತುಂಬುತ್ತ ಹೆಮ್ಮೆಪಡುವ ಕೆಲಸವನ್ನು ಮಾತ್ರ ವಹಿಸಿಕೊಂಡಿದ್ದೆ.

ಕೌದಿಯನ್ನು ಕೂಡ್ಲಿಗಿಯ ಪ್ರದರ್ಶನಕ್ಕೆ ಒಯ್ಯುವ ದಿನ ಬಂತು. ಬಸ್ಸಿನಲ್ಲಿ ನಾನು, ಪಕ್ಕದಲ್ಲಿ ಹುಲಿಗೆಮ್ಮ, ತೊಡೆಯ ಮೇಲೆ ಕೌದಿ. ಅರ್ಧ ದಾರಿಯಲ್ಲಿ ಮಣಿಕಟ್ಟಿನ ಹತ್ತಿರ ಏನೋ ಚುರ್ ಎಂದಿತು. ನೋಡಿದರೆ ಕೆಂಪಿರುವೆ. ಕೊಡವಿದೆ. ಇನ್ನೊಂದು ಬಂತು. ಆಮೇಲೆ ಸಾಲೇ ಬಂತು, ಕೌದಿಯ ಒಳಗಿನಿಂದ.

"ಹುಲಿಗೆಮ್ಮ, ಇದ್ರಾಗ ಏನೈತಿ?"

"ರೊಟ್ಟಿ ರೀ ಟೀಚರ್."

"ಎಲ್ಲೆ?"

"ಎಲ್ಲಾ ಕಡಿ," ಎಂದಳು ಆಕೆ, ಇದನ್ನೂ ಕೇಳುತ್ತಾರೆಯೇ ಎಂಬಂತೆ. "ಕಡೀ ಹೊಲಿಗಿ ಹಾಕೂಮುಂದ ಮೂಲಿಯಾಗ ಒಂದು ಚೂರು ರೊಟ್ಟಿ ಇಡಬೇಕಂತ ಅಜ್ಜಿ ಹೇಳ್ಯಾಳ. ಕೌದಿ ಹಸಗೊಂಡಿರಬಾರದಂತ. ಮೂಲಿ ನಾಕೇ ಅದಾವ, ನಾವು ಹನ್ನೆರಡು ಮಂದಿ ಅದೀವಿ. ಅದಕ್ಕ ಉಳಿದೋರು ತಮ್ಮ ತಮ್ಮ ತುಂಡಿನಾಗ ಇಟ್ಟಾರ. ಕೊಟ್ರೇಶ ಬೆಲ್ಲಾನೂ ಇಟ್ಟಾನ."

ಹನ್ನೊಂದು ಗಂಟೆಗೆ ಪ್ರದರ್ಶನ ನೋಡಲು ಶಿಕ್ಷಣ ಇಲಾಖೆಯ ಅಧಿಕಾರಿಗಳು ಬರುವವರಿದ್ದರು. ಒಂದು ಇರುವೆ ಅವರನ್ನು ಕಚ್ಚಿದರೂ ಸಾಕು, ಕೌದಿ ಮಡಚಿ ಮೇಜಿನ ಕೆಳಗೆ ಹೋಗುತ್ತಿತ್ತು. ಶಾಲೆಯಲ್ಲಿ ಕಾದು ಕೂತ ಹನ್ನೊಂದು ಮಕ್ಕಳು ಮತ್ತೆ ಸೂಜಿ ಮುಟ್ಟುತ್ತಿರಲಿಲ್ಲ. ನನ್ನ ಮರ್ಯಾದೆಯ ಚಿಂತೆಯೂ ಇತ್ತು, ಸುಳ್ಳೇಕೆ ಹೇಳಲಿ. ಆ ಹೊತ್ತಿಗೇ ಹೆಡ್‌ಮಾಸ್ತರರ ಮೆಸೇಜು ಬಂತು: "ಕೂಡ್ಲಿಗಿ ಮುಟ್ಟಿದ್ರೇನ್ರಿ? ಕೌದಿ ಹಾಕಿದ ಫೋಟೋ ಕಳಸ್ರಿ, ಹುಡುಗ್ರು ತಲಿ ತಿನ್ನಾಕತ್ತಾರ."

ಕೂಡ್ಲಿಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೌದಿ ಹಾಸಿ, ಹುಲಿಗೆಮ್ಮನ ಕಂಪಾಸಿನಲ್ಲಿದ್ದ ಬ್ಲೇಡು ತೆಗೆದುಕೊಂಡು ಹೊಲಿಗೆಗೆ ಇಟ್ಟೆ. ಆಕೆ ನನ್ನ ಕೈ ಹಿಡಿದಳು.

"ಬ್ಯಾಡ್ರಿ ಟೀಚರ್. ಎಲ್ಲಾ ತೆಗದ್ರ ಕೌದಿ ಉಪವಾಸ ಬೀಳ್ತೈತಿ."

ಅರ್ಧ ಗಂಟೆ ಉಳಿದಿತ್ತು. ಅಂಥ ಹೊತ್ತಿನಲ್ಲಿ ನಾನು ಕೌದಿಯ ಹೊಟ್ಟೆಪಾಡಿನ ಬಗ್ಗೆ ಚೌಕಾಸಿಗೆ ಇಳಿದೆ. ಕೊನೆಗೆ ಒಂದು ಮೂಲೆಯಲ್ಲಿ ತೀರಾ ಒಣಗಿದ ಒಂದು ಚೂರು ಮಾತ್ರ ಇರಲಿ ಎಂದು ರಾಜಿಯಾಯಿತು. ಹನ್ನೊಂದು ಕಡೆ ಬಿಚ್ಚಿ, ರೊಟ್ಟಿ ತೆಗೆದು, ಕೌದಿಯನ್ನು ಝಾಡಿಸಿದೆವು. ಕಂಡಕ್ಟರೊಬ್ಬರು ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತು ನೋಡಿದರು. ಮತ್ತೆ ಹೊಲಿಯಲು ಹುಲಿಗೆಮ್ಮ ಸೂಜಿ ತೆಗೆದಳು. ಸಣ್ಣ ಹುಡುಗಿ, ತಡಮಾಡುತ್ತಾಳೆ ಎಂದು ಕಿತ್ತುಕೊಂಡೆ. "ನಾ ಹಾಕ್ತೀನಿ, ನೀ ಇರುವಿ ನೋಡು."

ಆಕೆ ಇರುವೆ ಬಿಟ್ಟು ನನ್ನ ಹೊಲಿಗೆಯನ್ನೇ ಬಗ್ಗಿ ನೋಡಿ, "ಸೊಟ್ಟ ಬರಾಕತ್ತೈತ್ರಿ" ಎಂದಳು.

"ಸುಮ್ನಿರು," ಎಂದೆ.

ಅಧಿಕಾರಿ ಬರುವುದಕ್ಕೂ ನಾವು ಪ್ರದರ್ಶನಕ್ಕೆ ಓಡಿಹೋಗಿ ಕೌದಿ ತೂಗುಹಾಕುವುದಕ್ಕೂ ಸರಿಹೋಯಿತು. ಅವರು ಕನ್ನಡಕ ಏರಿಸಿ, ಒಂದೊಂದು ತುಂಡನ್ನೂ ಬೆರಳಿನಿಂದ ಸವರುತ್ತ ರೊಟ್ಟಿಯಿದ್ದ ಮೂಲೆಗೆ ಬಂದರು. ಎಲ್ಲಿ ಅವಿತಿತ್ತೋ, ಒಂದು ಇರುವೆ ಹೊರಬಂದು ಅವರ ಹೆಬ್ಬೆರಳು ಹತ್ತಿತು. ಅವರು ಅದನ್ನು ಉಫ್ ಎಂದು ಊದಿ, ಮುಂದಿನ ತುಂಡಿಗೆ ಹೋಗಿ, ಅಲ್ಲಿ ನಿಂತರು.

"ಉಳಿದ ಮಕ್ಕಳು ಚಂದ ಹೊಲ್ದಾರ. ನಡುನಡುವ ಇದೊಂದು ಕೈ ಮಾತ್ರ ಬ್ಯಾರೆ ಐತಿ. ಬರೇ ಅವಸರ. ಯಾರಿದು?"

ನಾನು ಹುಲಿಗೆಮ್ಮನ ಮುಖ ನೋಡಿದೆ. ಬೇಡಿಕೊಂಡೆ ಎಂದರೂ ಸರಿಯೇ.

"ಆಕಿ ಹೊಸಬಾಕಿ ರೀ ಸರ," ಎಂದಳು. "ಇವತ್ತ ಮೊದಲ ಸಲ ಸೂಜಿ ಹಿಡದಾಳ."

ಅಧಿಕಾರಿ ನನ್ನ ಕಡೆ ತಿರುಗಿ, "ಹಂಗಾರ ಬೈಬ್ಯಾಡ್ರಿ ಆಕಿನ. ನಾಕು ಸಲ ಬಿಚ್ಚಿ ಹಾಕಿಸ್ರಿ, ಕಲೀತಾಳ" ಎಂದರು.

"ಹಾಕಿಸ್ತೀವ್ರಿ ಸರ," ಎಂದು ನನ್ನ ಬದಲು ಹುಲಿಗೆಮ್ಮನೇ ಉತ್ತರ ಕೊಟ್ಟಳು.

ಕೊಟ್ಟ ಮಾತನ್ನು ಆಕೆ ಉಳಿಸಿಕೊಂಡಿದ್ದಾಳೆ. ಈಗ ಶನಿವಾರ ನಾನು ಚಾಪೆಯ ಮೇಲೆ ಮಕ್ಕಳ ನಡುವೆ ಕೂರುತ್ತೇನೆ. ಮೊನ್ನೆ ಅಜ್ಜಿ ನನ್ನದೊಂದು ಇಡೀ ಸಾಲನ್ನು ಎಳೆದುಬಿಟ್ಟಾಗ ಸಿಟ್ಟು ನೆತ್ತಿಗೇರಿ, ಇದು ನನ್ನಿಂದಾಗದು ಎಂದು ಸೂಜಿ ಬಿಸಾಡಿ ಎದ್ದೆ. ಯಾರೂ ನಗಲಿಲ್ಲ. ಹುಲಿಗೆಮ್ಮ ಸೂಜಿ ಹುಡುಕಿ, ದಾರ ಪೋಣಿಸಿ, "ಕುಂದರ್ರಿ ಟೀಚರ್, ನಮಗೂ ಮೊದಲು ಹಿಂಗ ಆಗಿತ್ತು" ಎಂದಳು. ಹನ್ನೆರಡು ಮಕ್ಕಳು ನೋಡುತ್ತಿದ್ದರು. ಕೂರದೆ ಗತಿಯಿರಲಿಲ್ಲ.